ಮಳೆಗಾಲದಲ್ಲಿ ನಿಮ್ಮ ಇಸ್ಪೀಟು ಕಟ್ಟನ್ನು ಎಲ್ಲಿ ಇಡ್ತೀರಿ?

ನಮ್ಮ ಮ್ಯಾಜಿಕ್ ಕ್ಲಬ್ಬಿನ ವಾಟ್ಸಾಪ್ ಗುಂಪಿನಲ್ಲಿ 43 ಜನ ಇದ್ದೇವೆ. ಮೂರು ತಿಂಗಳಿಗೊಮ್ಮೆ 16 ಪುಟದ ಒಂದು ಪತ್ರಿಕೆ ತರುತ್ತೇವೆ. ಅದನ್ನು ಜೋಡಿಸುವ ಕೆಲಸ ನನ್ನದು. ಸಂಚಿಕೆಗೆ ಒಂದು ತಿಂಗಳು ಇರುವಾಗ ಗುಂಪಿನಲ್ಲಿ ಒಂದು ಮೆಸೇಜ್ ಹಾಕುತ್ತಿದ್ದೆ: ‘ಸದಸ್ಯರು ತಮ್ಮ ಲೇಖನಗಳನ್ನು ಕಳುಹಿಸಿಕೊಡಬೇಕಾಗಿ ವಿನಂತಿ.’ ಅದರ ಕೆಳಗೆ ಹತ್ತು ಹದಿನೈದು ಹೆಬ್ಬೆರಳು ಬೀಳುತ್ತಿತ್ತು. ನಾಲ್ಕೈದು ಜನ ಕೈಮುಗಿದ ಚಿತ್ರ ಹಾಕುತ್ತಿದ್ದರು. ಲೇಖನ ಮಾತ್ರ ಬರುತ್ತಿರಲಿಲ್ಲ. ಕೊನೆಯ ವಾರ ನಾನೇ ರಾತ್ರಿ ಕೂತು ಪುಟ ತುಂಬಿಸುತ್ತಿದ್ದೆ. ಒಂದು ಸಂಚಿಕೆಯಲ್ಲಂತೂ 16 ಪುಟಗಳಲ್ಲಿ 11 ಪುಟ ನಾನೇ ಬರೆದದ್ದು. ಅದನ್ನು ಕೈಯಲ್ಲಿ ಹಿಡಿದಾಗ ಖುಷಿಯಾಗಲಿಲ್ಲ. 43 ಜನರ ಪತ್ರಿಕೆಯಲ್ಲಿ ಒಬ್ಬನೇ ಮಾತಾಡುತ್ತಿದ್ದರೆ ಅದು ಪತ್ರಿಕೆ ಅಲ್ಲವಲ್ಲ.

ಬಹಳ ದಿನ ನಾನು ಇದನ್ನು ಸೋಮಾರಿತನ ಅಂದುಕೊಂಡಿದ್ದೆ. ಈಗ ಹಾಗೆ ಅನಿಸುವುದಿಲ್ಲ. ಏಕೆಂದರೆ ಇದೇ ಜನ ತಿಂಗಳ ಎರಡನೇ ಭಾನುವಾರ ಸಂಜೆ ಮಂಗಳೂರಿನ ಕದ್ರಿ ಕಡೆಯ ಒಂದು ಟ್ಯೂಷನ್ ಕ್ಲಾಸಿನ ಕೋಣೆಯಲ್ಲಿ ಸೇರಿದರೆ ಮೂರು ಗಂಟೆ ಮಾತಾಡುತ್ತಾರೆ. ಬಾಗಿಲು ಹಾಕಿದ ಮೇಲೂ ಗೇಟಿನ ಹತ್ತಿರ ಸ್ಕೂಟರ್ ಮೇಲೆ ಕೂತು ಇನ್ನೊಂದು ಗಂಟೆ. ಒಬ್ಬರು ಹೆಲ್ಮೆಟ್ಟನ್ನೇ ಮೇಜು ಮಾಡಿಕೊಂಡು ನಾಣ್ಯ ಮಾಯ ಮಾಡಿ ತೋರಿಸುತ್ತಾರೆ. ಇನ್ನೊಬ್ಬರು ‘ಅಲ್ಲ ಅಲ್ಲ, ಕೈ ಸ್ವಲ್ಪ ತಗ್ಗಿಸಿ’ ಅನ್ನುತ್ತಾರೆ. ಅಲ್ಲಿ ಹೊರಡುವ ಒಂದೊಂದು ಮಾತೂ ಅಚ್ಚಾಗಬೇಕಾದದ್ದು. ಅಷ್ಟೆಲ್ಲ ಗೊತ್ತಿರುವವರು ಕಾಗದದ ಎದುರು ಯಾಕೆ ಮೂಕರಾಗುತ್ತಾರೆ ಅನ್ನುವುದು ನನ್ನನ್ನು ಒಂದು ವರ್ಷ ಕೊರೆದಿದೆ.

‘ಎಂತ ಬರೆಯುವುದು ಮಾರಾಯ್ರೇ?’

ನಮ್ಮಲ್ಲಿ ಹೊಟ್ಟೆಪಾಡಿಗೆ ಜಾದೂ ಮಾಡುವವರು ಯಾರೂ ಇಲ್ಲ. ರಿಟೈರ್ ಆದ ಬ್ಯಾಂಕ್ ಕ್ಯಾಶಿಯರ್ ಇದ್ದಾರೆ. ಮೆಡಿಕಲ್ ಶಾಪ್ ನಡೆಸುವವರು, ಇಂಜಿನಿಯರಿಂಗ್ ಓದುವ ಹುಡುಗರು, ಕಾಪು ಕಡೆಯ ಒಬ್ಬರು ಪ್ರೈಮರಿ ಶಾಲೆಯ ಟೀಚರ್, ಸುರತ್ಕಲ್ಲಿನ ಒಬ್ಬ ಇಲೆಕ್ಟ್ರಿಷಿಯನ್. ವರ್ಷಕ್ಕೆ ನಾಲ್ಕೈದು ಶೋ ಸಿಕ್ಕಿದರೆ ಜಾಸ್ತಿ. ಅದೂ ಗಣೇಶೋತ್ಸವದ ವೇದಿಕೆ, ಶಾಲೆಯ ವಾರ್ಷಿಕೋತ್ಸವ, ನೆಂಟರ ಮನೆಯ ಹುಟ್ಟುಹಬ್ಬ. ಹಾಗಾಗಿ ‘ಬರೆಯಿರಿ’ ಅಂದ ಕೂಡಲೇ ಎಲ್ಲರ ಬಾಯಲ್ಲೂ ಒಂದೇ ಮಾತು: ‘ನಾವೆಂತ ಬರೆಯುವುದು ಮಾರಾಯ್ರೇ? ಕುದ್ರೋಳಿ ಗಣೇಶ್ ಬರೆದರೆ ಓದಬಹುದು. ಉಡುಪಿಯ ಪ್ರೊ. ಶಂಕರ್ ಬರೆದರೆ ಓದಬಹುದು. ನಾವು ಮಾಡುವುದು ಎಲ್ಲ ಪುಸ್ತಕದ ಐಟಂ. ಹೊಸತು ಎಂತ ಉಂಟು ನಮ್ಮಲ್ಲಿ?’ ಇಬ್ಬರೂ ನಮ್ಮ ಕಡೆಯ ಹೆಸರಾಂತ ಜಾದೂಗಾರರು.

ಈ ಮಾತಿನಲ್ಲಿ ಒಂದು ತಪ್ಪು ಲೆಕ್ಕ ಇದೆ. ಬರೆಯಬೇಕಾದರೆ ಹೊಸ ಟ್ರಿಕ್ ಕಂಡುಹಿಡಿದಿರಬೇಕು ಅನ್ನುವ ಲೆಕ್ಕ ಅದು. ನಾನು ಹಾಕುತ್ತಿದ್ದ ಮೆಸೇಜೂ ಅದೇ ತಪ್ಪು ಮಾಡುತ್ತಿತ್ತು. ‘ಲೇಖನ’ ಅನ್ನುವ ಶಬ್ದ ಕೇಳಿದರೇ ಶಾಲೆಯ ಪ್ರಬಂಧದ ನೆನಪಾಗುತ್ತದೆ. ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ. ದಿನವಿಡೀ ಅಂಗಡಿಯಲ್ಲಿ ನಿಂತು ಬಂದವರು ರಾತ್ರಿ ಹತ್ತು ಗಂಟೆಗೆ ಪೀಠಿಕೆ ಹೊಸೆಯುತ್ತಾ ಕೂರಬೇಕೇ? ಇನ್ನೊಂದು, 43 ಜನರನ್ನು ಒಟ್ಟಿಗೆ ಕರೆದರೆ ಯಾರನ್ನೂ ಕರೆದ ಹಾಗೆ ಆಗುವುದಿಲ್ಲ. ನಮ್ಮ ಕಡೆ ಮದುವೆಗೆ ಕಾಗದ ಅಂಚೆಗೆ ಹಾಕಿದರೆ ಸಾಕಾಗುವುದಿಲ್ಲ, ಮನೆಗೆ ಹೋಗಿ ಹೇಳಬೇಕು. ಅದು ಗೊತ್ತಿದ್ದೂ ನಾನು ವರ್ಷಗಟ್ಟಲೆ ಗುಂಪಿಗೇ ಕೂಗಿ ಹೇಳುತ್ತಿದ್ದೆ.

ಸ್ಪಂಜಿನ ಡಬ್ಬಿ

ಮನೆಗೆ ಹೋಗಿ ಕೇಳಿದ್ದು ಮೊದಲು ಕ್ಯಾಶಿಯರ್ ಸರ್ ಅವರನ್ನು. ಅವರ ಮನೆ ಬಿಜೈಯಲ್ಲಿ. ಅವರ ಹೆಸರುವಾಸಿ ಐಟಂ ಆರು ನೋಟಿನದ್ದು. ಹತ್ತು ರೂಪಾಯಿಯ ಆರು ನೋಟು ಎಣಿಸುತ್ತಾರೆ. ಮೂರನ್ನು ಎದುರು ಕೂತವರಿಗೆ ಕೊಡುತ್ತಾರೆ. ಉಳಿದದ್ದನ್ನು ಎಣಿಸಿದರೆ ಮತ್ತೆ ಆರು. ಮತ್ತೆ ಮೂರು ಕೊಡುತ್ತಾರೆ, ಮತ್ತೆ ಆರು. ಜಾದೂ ಮಾಡುವವರಿಗೆಲ್ಲ ಗೊತ್ತಿರುವ ಹಳೆಯ ಐಟಂ. ಅದರ ಬಗ್ಗೆ ಬರೆಯಿರಿ ಸರ್ ಅಂದೆ. ‘ಅದರಲ್ಲಿ ಬರೆಯುವಂಥದ್ದು ಎಂತದ್ದೂ ಇಲ್ಲ. ಪುಸ್ತಕದಲ್ಲಿ ಇದ್ದದ್ದೇ’ ಅಂದರು. ಚಾ ಬಂತು, ಗೋಳಿಬಜೆ ಬಂತು. ಅವರು ಗೋಳಿಬಜೆ ಮುಟ್ಟಲಿಲ್ಲ. ಐಟಂ ತೋರಿಸಿ ಆದ ಮೇಲೆ ತಿನ್ನುತ್ತೇನೆ, ಎಣ್ಣೆ ಕೈಗೆ ನೋಟು ಅಂಟುತ್ತದೆ ಅಂದರು. ಆಮೇಲೆ ಕಪಾಟಿನಿಂದ ಒಂದು ಸಣ್ಣ ಪ್ಲಾಸ್ಟಿಕ್ ಡಬ್ಬಿ ತಂದು ಮೇಜಿನ ಮೇಲೆ ಇಟ್ಟರು. ಒಳಗೆ ಒದ್ದೆ ಸ್ಪಂಜು. ಬ್ಯಾಂಕಿನ ಕೌಂಟರಿನಲ್ಲಿ ಇರುತ್ತದಲ್ಲ, ಅದೇ.

‘ಇದು ಎಂತಕ್ಕೆ ಸರ್?’ ಅಂತ ಕೇಳಿದೆ. ಅಷ್ಟೇ ನಾನು ಕೇಳಿದ್ದು. ಅವರು 40 ನಿಮಿಷ ಮಾತಾಡಿದರು.

ಪುಸ್ತಕದಲ್ಲಿ ನೋಟನ್ನು ಇಸ್ಪೀಟಿನ ಹಾಗೆ ಒಂದೊಂದಾಗಿ ಕೈಯಿಂದ ಕೈಗೆ ಹಾಕಿ ಎಣಿಸಲು ಹೇಳಿದ್ದಾರಂತೆ. ಇವರು ಮೊದಲು ಹಾಗೇ ಮಾಡಿದರು. ಆದರೆ ಎದುರು ಕೂತವರು ಇವರ ಗ್ರಾಹಕರೇ. 34 ವರ್ಷ ಇವರ ಕೈ ನೋಟು ಎಣಿಸುವುದನ್ನು ಕೌಂಟರಿನ ಆಚೆಯಿಂದ ನೋಡಿದವರು. ‘ಎಂತ ಸರ್, ಇವತ್ತು ಹೊಸ ರೀತಿ ಎಣಿಸ್ತೀರಿ?’ ಅಂತ ಒಬ್ಬ ಮೀನಿನ ವ್ಯಾಪಾರಿ ಮೊದಲ ಶೋದಲ್ಲೇ ಕೇಳಿಬಿಟ್ಟರಂತೆ. ಅಲ್ಲಿಗೆ ಐಟಂ ಸತ್ತುಹೋಯಿತು. ಆಮೇಲೆ ಇವರು ಪುಸ್ತಕದ ಕೈ ಬಿಟ್ಟು ಕ್ಯಾಶಿಯರನ ಕೈಯಲ್ಲೇ ಅದನ್ನು ಕೂರಿಸಲು ಹೊರಟರು. ಎಡಗೈಯ ಬೆರಳುಗಳ ನಡುವೆ ಕಟ್ಟು ಮಡಚಿ ನಿಲ್ಲಬೇಕು, ಬಲಗೈ ಹೆಬ್ಬೆರಳು ಒಂದೊಂದನ್ನೇ ಎಳೆಯಬೇಕು, ಪ್ರತಿ ನೋಟಿಗೂ ಪಟ್ ಅನ್ನುವ ಸದ್ದು ಬರಬೇಕು. ಎರಡು ಮಳೆಗಾಲ ಬೇಕಾಯಿತಂತೆ. ಜನರ ಕಣ್ಣಿಗಿಂತ ಮೊದಲು ಕಿವಿ ಎಣಿಸುತ್ತದೆ, ಆರು ಸದ್ದು ಕೇಳಿದರೆ ಆರು ನೋಟು ಅಂತ ಮನಸ್ಸಿನಲ್ಲಿ ಕೂತಾಯಿತು ಅಂದರು. ಸ್ಪಂಜಿನ ಡಬ್ಬಿ ಇಡುವುದು ಜನ ಅದನ್ನು ನೋಡಲಿ ಅಂತ. ಬೆರಳು ಸ್ಪಂಜಿಗೆ ಮುಟ್ಟಿಸಿದ ಕೂಡಲೇ ಎದುರಿದ್ದವರಿಗೆ ಬ್ಯಾಂಕ್ ಕಾಣುತ್ತದೆ. ಅವರು ಜಾದೂ ನೋಡಲು ಕೂತದ್ದನ್ನೇ ಅರೆಕ್ಷಣ ಮರೆಯುತ್ತಾರೆ. ಆ ಅರೆಕ್ಷಣ ಸಾಕು.

ನಾನು ಅವರ ಒಪ್ಪಿಗೆ ಕೇಳಿ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದೆ. ಮನೆಗೆ ಬಂದು ಕೇಳಿ ಕೇಳಿ ಟೈಪ್ ಮಾಡಿದೆ. ಎರಡೂವರೆ ಪುಟ ಆಯಿತು. ಪ್ರಿಂಟ್ ತೆಗೆದು ಅವರಿಗೆ ಕೊಟ್ಟಾಗ ಕನ್ನಡಕ ಹಾಕಿಕೊಂಡು ನಿಧಾನಕ್ಕೆ ಓದಿದರು. ಒಂದು ಕಡೆ ‘ಮಧ್ಯದ ಬೆರಳು’ ಅಂತ ಇದ್ದದ್ದನ್ನು ‘ಉಂಗುರದ ಬೆರಳು’ ಅಂತ ತಿದ್ದಿದರು. ಬೇರೆ ಏನೂ ಹೇಳಲಿಲ್ಲ. ಸಂಚಿಕೆ ಬಂದ ಮೇಲೆ ಅವರೇ ಫೋನ್ ಮಾಡಿ ನಾಲ್ಕು ಪ್ರತಿ ಜಾಸ್ತಿ ಕೇಳಿದರು. ಹಳೆಯ ಸಹೋದ್ಯೋಗಿಗಳಿಗೆ ಕೊಡಲಿಕ್ಕಂತೆ. ಸದಸ್ಯರಿಗೆ ಮಾತ್ರ ಅನ್ನುವ ನಿಯಮ ನೆನಪಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅದು ಹೌದು, ಬೇಡ ಹಾಗಾದರೆ’ ಅಂದರು.

ಒಂದೇ ಪ್ರಶ್ನೆ

ಅದರ ಮುಂದಿನ ಸಂಚಿಕೆಯನ್ನು ಜುಲೈ 1ಕ್ಕೆ ತರಬೇಕು ಅಂತ ನನಗೆ ಹಠ. ಪತ್ರಿಕಾ ದಿನ ಅಲ್ವಾ. 1843ರಲ್ಲಿ ‘ಮಂಗಳೂರ ಸಮಾಚಾರ’ ಕಲ್ಲಚ್ಚಿನಲ್ಲಿ ಹೊರಬಂದ ಊರಿನಲ್ಲಿ ಕೂತು ನಾವು ಆ ದಿನವಾದರೂ ಖಾಲಿ ಕೈಯಲ್ಲಿ ಇರಬಾರದು ಅಂತ. ಜೂನ್ ಮೊದಲ ವಾರ ಮಳೆ ಹಿಡಿಯಿತು. ನನ್ನ ಇಸ್ಪೀಟು ಕಟ್ಟು ಎರಡೇ ದಿನದಲ್ಲಿ ಊದಿಕೊಂಡು ಹಪ್ಪಳದ ಹಿಟ್ಟಿನ ಹಾಗೆ ಮೆತ್ತಗಾಯಿತು. ಎಲೆಗಳು ಒಂದಕ್ಕೊಂದು ಅಂಟಿ ಜಾರುವುದೇ ಇಲ್ಲ. ಎಲೆಗಳನ್ನು ಬೀಸಣಿಗೆಯ ಹಾಗೆ ಬಿಡಿಸಿದರೆ ಗೊಂಚಲು ಗೊಂಚಲಾಗಿ ನಿಲ್ಲುತ್ತದೆ. ಆ ಬೇಜಾರಿನಲ್ಲೇ ಗುಂಪಿನಲ್ಲಿ ಬರೆದೆ: ‘ಮಳೆಗಾಲದಲ್ಲಿ ನಿಮ್ಮ ಇಸ್ಪೀಟು ಕಟ್ಟನ್ನು ಎಲ್ಲಿ ಇಡ್ತೀರಿ?’

ರಾತ್ರಿ ಮಲಗುವ ಮೊದಲು 11 ಉತ್ತರ ಬಂದಿತ್ತು. ಹೆಬ್ಬೆರಳು ಅಲ್ಲ, ಉತ್ತರ.

ಒಬ್ಬರು ಅಕ್ಕಿ ಡಬ್ಬದಲ್ಲಿ ಇಡುತ್ತಾರಂತೆ, ಆದರೆ ಬಟ್ಟೆಯಲ್ಲಿ ಸುತ್ತಿಯೇ ಇಡಬೇಕು, ಇಲ್ಲದಿದ್ದರೆ ಎಲೆಯ ಅಂಚಿಗೆ ಹುಡಿ ಹಿಡಿಯುತ್ತದೆ. ಇನ್ನೊಬ್ಬರು ಟಿವಿಯ ಸೆಟ್‌ಟಾಪ್ ಬಾಕ್ಸಿನ ಮೇಲೆ, ಅದು ಯಾವಾಗಲೂ ಬೆಚ್ಚಗಿರುತ್ತದೆ ಅಂತ. ಶೂ ಡಬ್ಬದೊಳಗೆ ಬರುವ ಸಿಲಿಕಾ ಜೆಲ್ ಪೊಟ್ಟಣಗಳನ್ನು ವರ್ಷವಿಡೀ ಕೂಡಿಟ್ಟು ಜೂನಿನಲ್ಲಿ ತೆಗೆಯುವವರು ಇಬ್ಬರು. ಮೆಡಿಕಲ್ ಶಾಪಿನವರು, ಮಾತ್ರೆ ಬಾಟಲಿಯೊಳಗಿನ ಪೊಟ್ಟಣ ಇನ್ನೂ ಒಳ್ಳೆಯದು, ಬೇಕಾದವರು ಬಂದು ತೆಗೆದುಕೊಂಡು ಹೋಗಿ ಅಂದರು. ಬೀಸಣಿಗೆ ಸಲೀಸಾಗಿ ಬಿಡಿಸಲು ಎಲೆಗಳಿಗೆ ಹಚ್ಚುವ ಝಿಂಕ್ ಸ್ಟಿಯರೇಟ್ ಪುಡಿಯ ಬದಲು ಟಾಲ್ಕಂ ಪೌಡರ್ ಹಾಕಿ ಕಟ್ಟು ಹಾಳು ಮಾಡಿಕೊಂಡ ಕತೆಯನ್ನು ಒಬ್ಬ ಹುಡುಗ ಬರೆದ. ಕಾಪುವಿನ ಟೀಚರ್ ಬರೆದದ್ದು ನನಗೆ ತುಂಬಾ ಇಷ್ಟವಾಯಿತು. ಅವರು ಜೂನಿನಿಂದ ಸೆಪ್ಟೆಂಬರ್ ತನಕ ಇಸ್ಪೀಟು ಮುಟ್ಟುವುದೇ ಇಲ್ಲ. ಆ ನಾಲ್ಕು ತಿಂಗಳು ನಾಣ್ಯದ ಅಭ್ಯಾಸ. ಬೇಸಗೆಯಲ್ಲಿ ಫ್ಯಾನಿನ ಕೆಳಗೆ ಅಂಗೈ ಒಣಗಿ ನಾಣ್ಯ ಜಾರಿ ಬೀಳುತ್ತದೆ, ಮಳೆಗಾಲದ ಅಂಗೈಯಲ್ಲಿ ಸ್ವಲ್ಪ ಪಸೆ ಇರುವುದರಿಂದ ಅದು ಚೆನ್ನಾಗಿ ಕೂರುತ್ತದೆ ಅಂತ.

ನಾನು ಎಷ್ಟೋ ಮ್ಯಾಜಿಕ್ ಪುಸ್ತಕ ಓದಿದ್ದೇನೆ. ಎಲ್ಲವೂ ಲಂಡನ್ನಿನಲ್ಲೋ ಅಮೆರಿಕದಲ್ಲೋ ಕೂತು ಬರೆದದ್ದು. ವರ್ಷಕ್ಕೆ 3,500 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳುವ ಊರಿನಲ್ಲಿ ಇಸ್ಪೀಟು ಹಿಡಿದು ನಿಂತವನ ಕಷ್ಟ ಆ ಪುಸ್ತಕಗಳಲ್ಲಿ ಇಲ್ಲ. ಅದು ಈ 11 ಜನರಿಗೆ ಗೊತ್ತಿತ್ತು. ಒಬ್ಬರಿಗೂ ತಮಗೆ ಗೊತ್ತಿದೆ ಅಂತ ಗೊತ್ತಿರಲಿಲ್ಲ. ಆ ಉತ್ತರಗಳನ್ನು ಹಾಗೆಯೇ ಜೋಡಿಸಿದೆ, ಮೂರು ಪುಟ ತುಂಬಿತು. ಹೆಸರು ಅಚ್ಚಿನಲ್ಲಿ ನೋಡಿದ 11 ಜನರಲ್ಲಿ ನಾಲ್ವರು ಮುಂದಿನ ಸಲ ತಾವಾಗಿಯೇ ಬರೆದು ಕಳುಹಿಸಿದರು.

ಅಲ್ಲಿಂದ ನಾನು ಲೇಖನ ಕೇಳುವುದನ್ನು ಬಿಟ್ಟಿದ್ದೇನೆ. ಪ್ರಶ್ನೆ ಕೇಳುತ್ತೇನೆ, ಒಬ್ಬೊಬ್ಬರಿಗೆ ಒಂದು. ನೀವು ಬಿಟ್ಟುಬಿಟ್ಟ ಐಟಂ ಯಾವುದು, ಯಾಕೆ ಬಿಟ್ಟಿರಿ? ವೇದಿಕೆಯಲ್ಲಿ ಸಿಕ್ಕಿಬಿದ್ದಾಗ ಮೊದಲು ಬಾಯಿಗೆ ಬಂದ ಮಾತು ಯಾವುದು? ಮುಂದಿನ ಸಾಲಿನ ಹುಡುಗ ‘ಕಿಸೆಯಲ್ಲಿ ಉಂಟು!’ ಅಂತ ಕೂಗಿದರೆ ಏನು ಮಾಡ್ತೀರಿ? ಕೊನೆಯ ಪ್ರಶ್ನೆಗೆ ಟೀಚರ್ ಕೊಟ್ಟ ಉತ್ತರ ಆರು ಸಾಲು. ಕೂಗಿದ ಮಗುವನ್ನು ಕರೆದು ಕರ್ಚೀಫಿನ ಒಂದು ತುದಿ ಹಿಡಿಯಲು ಕೊಡುತ್ತಾರಂತೆ. ಕೆಲಸ ಸಿಕ್ಕಿದ ಮಗು ಮತ್ತೆ ಕೂಗುವುದಿಲ್ಲ. ಆ ಆರು ಸಾಲಿಗೆ ನಾನು ಒಂದು ಇಡೀ ಪುಟ ಕೊಟ್ಟೆ.

ಚೌಕಿ ಮತ್ತು ರಂಗ

ಎಲ್ಲರೂ ಇದನ್ನು ಒಪ್ಪಿದರು ಅಂತಲ್ಲ. ನಮ್ಮಲ್ಲಿ ಹಿರಿಯರೊಬ್ಬರು ಒಂದು ಭಾನುವಾರ ಎದ್ದು ನಿಂತು, ‘ಗುಟ್ಟನ್ನು ಅಚ್ಚು ಹಾಕುವುದು ನನಗೆ ಸರಿ ಕಾಣುವುದಿಲ್ಲ. ನನ್ನ ಗುರುಗಳು ನನಗೆ ಕಿವಿಯಲ್ಲಿ ಹೇಳಿಕೊಟ್ಟದ್ದು’ ಅಂದರು. ಅವರ ಮಾತಿನಲ್ಲಿ ಸಿಟ್ಟು ಇರಲಿಲ್ಲ, ನೋವು ಇತ್ತು. ಅದನ್ನು ತಳ್ಳಿಹಾಕಲು ನನಗೆ ಮನಸ್ಸಾಗಲಿಲ್ಲ. ಇವತ್ತು ಮೊಬೈಲ್ ತೆರೆದರೆ ಯಾರೋ ಒಬ್ಬ ಒಂದು ನಿಮಿಷದಲ್ಲಿ ಯಾರದ್ದೋ ಜೀವಮಾನದ ಐಟಂ ಬಿಚ್ಚಿ ಹಾಕಿರುತ್ತಾನೆ. ಅದನ್ನು ನೋಡಿ ಬೆಂದವರ ಮಾತು ಅದು.

ಆದರೆ ಬಿಚ್ಚಿ ಹಾಕುವುದು ಬೇರೆ, ಹೇಳಿಕೊಡುವುದು ಬೇರೆ. ಇದು ಯಕ್ಷಗಾನ ನೋಡಿ ಬೆಳೆದ ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಸಣ್ಣವನಿದ್ದಾಗ ನಾನು ಆಟ ಶುರುವಾಗುವ ಮೊದಲೇ ಚೌಕಿಗೆ, ಅಂದರೆ ವೇಷ ಕಟ್ಟುವ ಜಾಗಕ್ಕೆ, ಹೋಗಿ ಕೂರುತ್ತಿದ್ದೆ. ಬಣ್ಣದ ವೇಷದವರು ಕನ್ನಡಿ ಹಿಡಿದು ಮುಖಕ್ಕೆ ಅಕ್ಕಿಹಿಟ್ಟಿನ ಚಿಟ್ಟಿ ಒಂದೊಂದೇ ಇಡುತ್ತಿದ್ದರು. ಗಂಟೆಗಟ್ಟಲೆ ಹಿಡಿಯುವ ಕೆಲಸ. ನಡುವೆ ಬೀಡಿ ಸೇದುತ್ತಿದ್ದರು, ಮಗಳ ಶಾಲೆಯ ಬಗ್ಗೆ ಮಾತಾಡುತ್ತಿದ್ದರು. ಅದೇ ಮನುಷ್ಯ ನಡುರಾತ್ರಿ ದೊಂದಿಯ ಬೆಳಕಿನಲ್ಲಿ ಅಬ್ಬರಿಸುತ್ತಾ ಬಂದರೆ ನಾನು ಅಜ್ಜನ ಹಿಂದೆ ಅಡಗುತ್ತಿದ್ದೆ. ಚೌಕಿ ನೋಡಿದ್ದರಿಂದ ರಂಗದ ಭಯ ಒಂದು ಚೂರೂ ಕಡಿಮೆಯಾಗಲಿಲ್ಲ. ಕ್ಲಬ್ಬಿನ ಪತ್ರಿಕೆ ನಮ್ಮ ಚೌಕಿ. ಅಲ್ಲಿ ಬಣ್ಣ ಹಚ್ಚುವವರು, ಬಣ್ಣ ಕಲಿಯುವವರು ಮಾತ್ರ ಇರುತ್ತಾರೆ. ರಂಗಕ್ಕೆ ಕನ್ನಡಿ ತರುವುದಿಲ್ಲ.

ಲಂಡನ್ನಿನ ಮ್ಯಾಜಿಕ್ ಸರ್ಕಲ್ 1905ರಲ್ಲಿ ಶುರುವಾದದ್ದು. ಅವರ ಲ್ಯಾಟಿನ್ ಧ್ಯೇಯವಾಕ್ಯದ ಸಾರಾಂಶವೇ ಗುಟ್ಟು ಬಿಟ್ಟುಕೊಡದವರು ಅಂತ. ಗುಟ್ಟಿನ ಮೇಲೆಯೇ ನಿಂತ ಆ ಸಂಸ್ಥೆ ಹುಟ್ಟಿದ ಮರುವರ್ಷವೇ ಸದಸ್ಯರಿಗಾಗಿ ತನ್ನದೇ ಪತ್ರಿಕೆ ಶುರು ಮಾಡಿತು, ‘ದಿ ಮ್ಯಾಜಿಕ್ ಸರ್ಕ್ಯುಲರ್’. ನಾನು ಆ ಹಿರಿಯರಿಗೆ ಇದನ್ನು ಹೇಳಿದೆ. ಅವರು ಅಲ್ಲೇ ಒಪ್ಪಲಿಲ್ಲ. ಆದರೆ ಮುಂದಿನ ತಿಂಗಳು ಬಂದು ಮೂರು ಷರತ್ತು ಹೇಳಿದರು. ಪತ್ರಿಕೆ ಕಾಗದದಲ್ಲೇ ಇರಲಿ, ಪಿಡಿಎಫ್ ಮಾಡಿ ಹಂಚಬೇಡಿ. ಇನ್ನೊಬ್ಬರು ಮಾರುವ ಐಟಮ್ಮಿನ ಗುಟ್ಟು ಬರೆಯಬೇಡಿ. ಯಾರಿಂದ ಕಲಿತದ್ದೋ ಅವರ ಹೆಸರು ಮೊದಲು ಹಾಕಿ, ಆಮೇಲೆ ಉಳಿದದ್ದು. ಮೂರೂ ಒಳ್ಳೆಯ ಮಾತು. ಮೂರನ್ನೂ ಒಳಪುಟದಲ್ಲಿ ಅಚ್ಚು ಹಾಕುತ್ತಿದ್ದೇವೆ. ಮೂರನೆಯದರಿಂದ ನಾನು ನೆನೆಸದ ಒಂದು ಲಾಭ ಆಯಿತು. ‘ಇದನ್ನು ನನಗೆ ಕಲಿಸಿದ್ದು’ ಅಂತ ಶುರು ಮಾಡಿದರೆ ಎಂಥವರಿಗೂ ಮೊದಲ ವಾಕ್ಯ ಸಿಕ್ಕಿಬಿಡುತ್ತದೆ. ಆಮೇಲಿನದ್ದು ತಾನಾಗಿ ಬರುತ್ತದೆ.

1958ರ ಒಂದು ಸಣ್ಣ ಬರಹ

ಇಂಜಿನಿಯರಿಂಗ್ ಹುಡುಗರು ಬರೆಯಲು ಹಿಂದೆಮುಂದೆ ನೋಡುವಾಗ ನಾನು ಅವರಿಗೆ ಒಂದು ಕಟ್ಟು ಕೊಟ್ಟು ಇದನ್ನು ಮಾಡಿಸುತ್ತೇನೆ. ನೀವೂ ಮಾಡಿ ನೋಡಿ. 52 ಎಲೆಗಳನ್ನು ಕೆಂಪು, ಕಪ್ಪು, ಕೆಂಪು, ಕಪ್ಪು ಅಂತ ಒಂದರ ಹಿಂದೆ ಒಂದು ಜೋಡಿಸಿ. ಕಟ್ಟನ್ನು ಕವುಚಿ ಹಿಡಿದು ಮೇಲಿನಿಂದ ಒಂದೊಂದೇ ಎಲೆ ಮೇಜಿನ ಮೇಲೆ ಒಂದರ ಮೇಲೆ ಒಂದು ಹಾಕುತ್ತಾ ಬನ್ನಿ. ಇಪ್ಪತ್ತೋ ಇಪ್ಪತ್ತೈದೋ, ಮನಸ್ಸಿಗೆ ಬಂದಲ್ಲಿ ನಿಲ್ಲಿಸಿ. ಈಗ ಎರಡು ಗುಂಪು ಆಯಿತು. ಎರಡರ ಮೂಲೆ ಸೇರಿಸಿ ಪರ್ ಅಂತ ಒಂದೇ ಒಂದು ಸಲ ಕಲಸಿ. ಹೇಗೆ ಕಲಸಿದರೂ ಆದೀತು, ಒಂದು ಕಡೆಯಿಂದ ಐದು ಎಲೆ ಒಟ್ಟಿಗೆ ಬಿದ್ದರೂ ತೊಂದರೆ ಇಲ್ಲ. ಆಮೇಲೆ ಮೇಲಿನಿಂದ ಎರಡೆರಡು ಎಲೆ ತೆಗೆಯಿರಿ. ಪ್ರತಿ ಜೋಡಿಯಲ್ಲೂ ಒಂದು ಕೆಂಪು, ಒಂದು ಕಪ್ಪು. 26 ಜೋಡಿಗಳಲ್ಲಿ ಒಂದೂ ತಪ್ಪುವುದಿಲ್ಲ.

ಯಾಕೆ ಹಾಗೆ ಅಂದರೆ, ಎಲೆ ಹಾಕುತ್ತಾ ಬಂದಾಗ ಆ ಗುಂಪು ತಿರುವುಮುರುವು ಆಗುತ್ತದೆ. ಹಾಗಾಗಿ ಎರಡು ಗುಂಪಿನ ಮೇಲಿನ ಎಲೆಗಳ ಬಣ್ಣ ಯಾವಾಗಲೂ ಬೇರೆ ಬೇರೆ. ಮೊದಲ ಜೋಡಿಯ ಎರಡೂ ಒಂದೇ ಗುಂಪಿನಿಂದ ಬಂದರೆ ಅಕ್ಕಪಕ್ಕದವು, ಬಣ್ಣ ಬೇರೆ. ಒಂದೊಂದು ಗುಂಪಿನಿಂದ ಒಂದೊಂದು ಬಂದರೂ ಬಣ್ಣ ಬೇರೆ. ಹೇಗೆ ಬಂದರೂ ಉಳಿದ ಎರಡು ಗುಂಪಿನ ತಲೆಯ ಬಣ್ಣ ಮತ್ತೆ ಬೇರೆಯೇ. ಹೀಗೆ ಕೊನೆಯ ತನಕ. ಎಷ್ಟು ಸಲ ಮಾಡಿದರೂ ನನಗೆ ಇದು ಹಳತಾಗಿಲ್ಲ. (ಗಣಿತದ ಪುಸ್ತಕಗಳಲ್ಲೇ ಇರುವ ಸಂಗತಿ, ಹಾಗಾಗಿ ಇಲ್ಲಿ ಹೇಳಲು ಹಿಂಜರಿಕೆ ಇಲ್ಲ.)

ಇದನ್ನು ಕಂಡುಕೊಂಡವರು ನಾರ್ಮನ್ ಗಿಲ್‌ಬ್ರೆತ್. ಅವರಿನ್ನೂ ಗಣಿತ ಓದುತ್ತಿದ್ದ ವಿದ್ಯಾರ್ಥಿ, ಜಾದೂ ಹವ್ಯಾಸ. ಅವರು ಇದನ್ನು ಮೊದಲು ಬರೆದದ್ದು ಗಣಿತದ ಜರ್ನಲ್ಲಿಗೆ ಅಲ್ಲ. 1958ರ ಜುಲೈ ತಿಂಗಳ ‘ದಿ ಲಿಂಕಿಂಗ್ ರಿಂಗ್’ನಲ್ಲಿ, ‘ಮ್ಯಾಗ್ನೆಟಿಕ್ ಕಲರ್ಸ್’ ಅನ್ನುವ ಹೆಸರಿನಲ್ಲಿ. ಅದು ಇಂಟರ್‌ನ್ಯಾಷನಲ್ ಬ್ರದರ್‌ಹುಡ್ ಆಫ್ ಮ್ಯಾಜಿಷಿಯನ್ಸ್ ಅನ್ನುವ ಸಂಘದ ಪತ್ರಿಕೆ. ಕೆನಡಾದ ವಿನ್ನಿಪೆಗ್‌ನ ಲೆನ್ ವಿಂಟಸ್ ಮತ್ತವರ ಇಬ್ಬರು ಗೆಳೆಯರು ಒಬ್ಬರಿಗೊಬ್ಬರು ಪತ್ರ ಬರೆದುಕೊಳ್ಳುತ್ತಲೇ 1922ರಲ್ಲಿ ಕಟ್ಟಿದ ಸಂಘ ಅದು. ಗಿಲ್‌ಬ್ರೆತ್ ಬರೆದ ಎರಡು ವರ್ಷಕ್ಕೆ ಮಾರ್ಟಿನ್ ಗಾರ್ಡ್ನರ್ ಅದನ್ನು ‘ಸೈಂಟಿಫಿಕ್ ಅಮೆರಿಕನ್’ನ ತಮ್ಮ ಗಣಿತದ ಅಂಕಣಕ್ಕೆ ತಂದರು. ಈಗ ಗಣಿತದವರು ಅದನ್ನು ಗಿಲ್‌ಬ್ರೆತ್ ತತ್ವ ಅನ್ನುತ್ತಾರೆ.

ಹುಡುಗರಿಗೆ ನಾನು ಹೇಳುವುದು, ನೀವೂ ಒಂದು ತತ್ವ ಕಂಡುಹಿಡಿಯಿರಿ ಅಂತಲ್ಲ. ಆ ಹುಡುಗ ಬರೆಯುವಾಗ ಅದು ಅವನಿಗೂ ಒಂದು ಇಸ್ಪೀಟಿನ ಐಟಂ ಅಷ್ಟೇ. ಕ್ಲಬ್ಬಿನ ಪತ್ರಿಕೆ ಇತ್ತು, ಪುಟ ಇತ್ತು, ಬರೆದು ಕಳುಹಿಸಿದ. ಪುಟ ಇಲ್ಲದಿದ್ದರೆ ಅವನ ನಾಲ್ಕು ಗೆಳೆಯರು ನೋಡಿ ಚಪ್ಪಾಳೆ ತಟ್ಟಿ ಮರೆಯುತ್ತಿದ್ದರೋ ಏನೋ.

ಬಳ್ಳಿ

ಇನ್ನೊಂದು ವಿಷಯ ಹೇಳಬೇಕು. ಬಹಳ ದಿನ ಹೇಳದೆ ಇಟ್ಟುಕೊಂಡದ್ದು.

ಈ ಪ್ರಶ್ನೆ ಕೇಳುವ ಕೆಲಸ ಶುರುವಾಗುವ ಮೊದಲು, ಎರಡು ವರ್ಷದ ಹಿಂದೆ, ನನ್ನ ಮೆಸೇಜ್ ನೋಡಿ ತಾವಾಗಿಯೇ ಬರೆದು ಕಳುಹಿಸಿದವರು ಒಬ್ಬರೇ ಒಬ್ಬರು. ಸುರತ್ಕಲ್ಲಿನ ಇಲೆಕ್ಟ್ರಿಷಿಯನ್. ಬಿಲ್ಲಿನ ಹಿಂಬದಿಯಲ್ಲಿ ಬಾಲ್‌ಪೆನ್ನಿನಿಂದ ಬರೆದ ಒಂದು ಪುಟ. ಹಗ್ಗ ಕತ್ತರಿಸಿ ಕೂಡಿಸುವ ಐಟಂ. ‘ಬಳ್ಳಿ ಕಟ್ ಮಾಡಿದ ಕೂಡಲೇ ಅದನ್ನು ನೋಡಬಾರದು, ಜನರನ್ನು ನೋಡಬೇಕು’ ಅಂತ ಶುರು. ನಾನು ಅದನ್ನು ತಿದ್ದಿದೆ. ಬಳ್ಳಿ ಹಗ್ಗವಾಯಿತು, ಕಟ್ ಮಾಡಿದ್ದು ಕತ್ತರಿಸಲಾಯಿತು, ಜನ ಪ್ರೇಕ್ಷಕರಾದರು. ಕೊನೆಯ ನಾಲ್ಕು ಸಾಲು ಯಾವುದೋ ಟೇಪಿನ ಬಗ್ಗೆ ಇತ್ತು. ಜಾಗ ಸಾಲದೆ ಅದನ್ನು ತೆಗೆದೇ ಹಾಕಿದೆ. ಚೆನ್ನಾಗಿ ಬಂದಿದೆ ಅಂತ ನನಗೆ ನಿಜವಾಗಿ ಅನಿಸಿತ್ತು. ಸಂಚಿಕೆ ಕೊಟ್ಟಾಗ ಅವರು ನಿಂತಲ್ಲೇ ಓದಿದರು. ‘ಚೆಂದ ಉಂಟು ಸರ್’ ಅಂದರು. ಸ್ವಲ್ಪ ಹೊತ್ತು ಬಿಟ್ಟು, ‘ಆದ್ರೆ ಇದು ನಾನು ಬರೆದದ್ದಲ್ಲ ಅಲ್ವಾ’ ಅಂದರು. ಪತ್ರಿಕೆ ಮಡಚಿ ಶರ್ಟಿನ ಕಿಸೆಯಲ್ಲಿ ಇಟ್ಟುಕೊಂಡು ಹೋದರು. ಮತ್ತೆ ಏನೂ ಕಳುಹಿಸಲಿಲ್ಲ. ಮೀಟಿಂಗಿಗೆ ಬರುತ್ತಿದ್ದರು, ನಗುತ್ತಿದ್ದರು, ಅಷ್ಟೇ.

ಮಳೆಗಾಲದ ಸಂಚಿಕೆ ಮಾಡುವಾಗ ಆ ಬಿಲ್ಲಿನ ಕಾಗದ ಫೈಲಿನಲ್ಲಿ ಸಿಕ್ಕಿತು. ಟೇಪಿನ ನಾಲ್ಕು ಸಾಲನ್ನು ಈಗ ಸರಿಯಾಗಿ ಓದಿದೆ. ಹಗ್ಗದ ತುದಿ ಬಿಚ್ಚಿಕೊಳ್ಳದ ಹಾಗೆ ಸುತ್ತುವ ಟೇಪಿನ ಬಗ್ಗೆ ಅದು. ಎಲ್ಲರೂ ಸೆಲ್ಲೋಟೇಪ್ ಹಾಕುತ್ತಾರೆ, ನಮ್ಮ ಊರಿನ ಪಸೆಗೆ ಅದು ಎರಡು ದಿನದಲ್ಲಿ ಏಳುತ್ತದೆ, ವಯರಿಗೆ ಸುತ್ತುವ ಬಿಳಿ ಇನ್ಸುಲೇಶನ್ ಟೇಪ್ ಹಾಕಿ, ಸ್ವಲ್ಪ ಎಳೆದು ಸುತ್ತಿ, ಅದು ಬಟ್ಟೆಯ ಹಾಗೆ ಕೂರುತ್ತದೆ ಅಂತ ಬರೆದಿದ್ದರು. ಆ ಇಡೀ ಪುಟದಲ್ಲಿ ಯಾವ ಪುಸ್ತಕದಲ್ಲೂ ಸಿಗದೆ ಇದ್ದದ್ದು ಆ ನಾಲ್ಕು ಸಾಲು. ಅದನ್ನೇ ನಾನು ತೆಗೆದುಹಾಕಿದ್ದೆ. ಉಳಿದದ್ದನ್ನು ಅವರದ್ದಲ್ಲದ ಹಾಗೆ ಮಾಡಿದ್ದೆ.

ಒಂದು ಭಾನುವಾರ ಬೆಳಿಗ್ಗೆ ಸುರತ್ಕಲ್ಲಿಗೆ ಹೋದೆ. ಅವರು ಅಂಗಳದಲ್ಲಿ ಒಂದು ಪಂಪಿನ ಮೋಟಾರ್ ಬಿಚ್ಚಿ ಕೂತಿದ್ದರು. ತಪ್ಪಾಯಿತು ಅಂದೆ. ‘ಅಯ್ಯೋ, ಅದನ್ನು ಇನ್ನೂ ಇಟ್ಟುಕೊಂಡಿದ್ದೀರಾ ಸರ್? ನನಗೆ ಬೇಜಾರೇನಿಲ್ಲ’ ಅಂದರು. ಮುಖದಲ್ಲಿ ಬೇಜಾರು ಇತ್ತು. ಇನ್ನು ಮುಂದೆ ಅಕ್ಷರದ ತಪ್ಪು ಬಿಟ್ಟು ಬೇರೆ ಏನನ್ನೂ ಮುಟ್ಟುವುದಿಲ್ಲ, ಅಚ್ಚಿಗೆ ಹೋಗುವ ಮೊದಲು ನಿಮ್ಮ ಕೈಗೆ ಕೊಟ್ಟೇ ಕೊಡುತ್ತೇನೆ ಅಂದೆ. ಬರೆಯಲು ಪುರುಸೊತ್ತಿಲ್ಲದಿದ್ದರೆ ಫೋನಿನಲ್ಲಿ ಮಾತಾಡಿ ಕಳುಹಿಸಿ ಅಂದೆ. ಹೊರಡುವಾಗ ಒಂದು ಪ್ರಶ್ನೆ ಕೇಳಿದೆ: ‘ಹೊಸ ಬಳ್ಳಿಯನ್ನು ನೀವು ಹೇಗೆ ಹದ ಮಾಡುವುದು?’ ಅವರು ಸ್ಕ್ರೂಡ್ರೈವರ್ ಒರೆಸುತ್ತಾ ‘ನೋಡುವಾ’ ಅಂದರು.

ಹದಿನೈದು ದಿನ ಏನೂ ಬರಲಿಲ್ಲ. ನಿನ್ನೆ ರಾತ್ರಿ ಹತ್ತೂವರೆಗೆ ಒಂದು ವಾಯ್ಸ್ ಮೆಸೇಜ್ ಬಂತು. ನಾಲ್ಕು ನಿಮಿಷದ್ದು. ಹಿಂದೆ ಶೀಟಿನ ಮೇಲೆ ಮಳೆ ಬೀಳುವ ಸದ್ದು. ಎರಡು ಕಡೆ ಮಾತೇ ಕೇಳುವುದಿಲ್ಲ, ಅಲ್ಲಿ ಅವರನ್ನೇ ಕೇಳಿ ತುಂಬಬೇಕು. ಬೆಳಿಗ್ಗೆ ಕೂತು ಟೈಪ್ ಮಾಡಲು ಶುರು ಮಾಡಿದ್ದೇನೆ. ಇಲ್ಲಿಯ ತನಕ ಆಗಿದೆ:

‘ಇದನ್ನು ನನಗೆ ಕಲಿಸಿದ್ದು ನಮ್ಮ ಮಾವ. ಅವರು ದೋಣಿಯಲ್ಲಿ ಇದ್ದವರು, ಅವರಿಗೆ ಬಳ್ಳಿಯ ವಿಷಯ ಗೊತ್ತುಂಟು. ಹೊಸ ಬಳ್ಳಿ ಬಿಗಿ ಇರ್ತದೆ ಸರ್. ಒಂದು ರಾತ್ರಿ ನೀರಲ್ಲಿ ಹಾಕಿ ಇಡಿ. ಬೆಳಿಗ್ಗೆ ಹಿಂಡಬೇಡಿ, ಹಾಗೇ ನೇತು ಹಾಕಿ. ಒಣಗಿದ ಮೇಲೆ ತುದಿಯಲ್ಲಿ ಒಳಗಿನ ನೂಲು ಕಾಣ್ತದೆ, ಅದನ್ನು ಮೆಲ್ಲ ಎಳೆದು ತೆಗೀಬೇಕು. ಅರ್ಜೆಂಟ್ ಮಾಡಿದ್ರೆ ಮಧ್ಯ ಕಟ್ ಆಗ್ತದೆ…’